ಇಂಡಿಯಾನಾದ ಅಳತೆ, ಚಿಂಚೋಳಿಯ ನರ

2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಹೊಸ ಆಸ್ಪತ್ರೆ ಉದ್ಘಾಟನೆಗೊಂಡಾಗ ಅದರ ಹಾಸಿಗೆಗಳ ಸಂಖ್ಯೆಯೇ ಒಂದು ರಾಜಕೀಯ ಹೇಳಿಕೆಯಾಗಿತ್ತು: 371. ಸಂವಿಧಾನದ 371 (ಜೆ) ವಿಧಿಯ ಮೂಲಕ ಈ ಭಾಗಕ್ಕೆ ದೊರೆತ ವಿಶೇಷ ಸ್ಥಾನಮಾನವನ್ನು ಆ ಸಂಖ್ಯೆ ನೆನಪಿಸುತ್ತಿತ್ತು. ಕಲ್ಯಾಣ ಕರ್ನಾಟಕದ ಆರೋಗ್ಯದ ಚರ್ಚೆ ಬಹುಮಟ್ಟಿಗೆ ಇಂಥ ಲೆಕ್ಕಗಳ ಸುತ್ತಲೇ ನಡೆಯುತ್ತದೆ. ಹಾಸಿಗೆ ಎಷ್ಟು, ಯಂತ್ರ ಎಷ್ಟು, ತಜ್ಞರ ಹುದ್ದೆಗಳಲ್ಲಿ ಖಾಲಿ ಎಷ್ಟು ಎಂಬ ಪ್ರಶ್ನೆಗಳು ವಿಧಾನಮಂಡಲದಲ್ಲೂ ಬೀದಿಯಲ್ಲೂ ಕೇಳಿಬರುತ್ತವೆ. ಯಂತ್ರ ಬಂದು, ತಜ್ಞರೂ ಬಂದ ಮೇಲೆ ಎದುರಾಗುವ ಇನ್ನೊಂದು ಪ್ರಶ್ನೆ ಮಾತ್ರ ಯಾವ ಬೇಡಿಕೆ ಪತ್ರದಲ್ಲೂ ಸೇರುವುದಿಲ್ಲ. ಯಂತ್ರ ತೋರಿಸಿದ ಅಂಕಿ ಆರೋಗ್ಯದ್ದೋ ರೋಗದ್ದೋ ಎಂದು ತೀರ್ಮಾನಿಸುವ ಗೆರೆಯನ್ನು ಯಾರ ದೇಹದ ಮೇಲೆ ಅಳೆದು ಎಳೆಯಲಾಗಿದೆ ಎಂಬುದು ಆ ಪ್ರಶ್ನೆ.

ನರಗಳ ಪರೀಕ್ಷೆಯಲ್ಲಿ ಈ ಪ್ರಶ್ನೆ ಉಳಿದ ಪರೀಕ್ಷೆಗಳಿಗಿಂತ ತೀಕ್ಷ್ಣವಾಗಿ ಎದುರಾಗುತ್ತದೆ. ಚಿಂಚೋಳಿ ತಾಲೂಕಿನ ಕಲ್ಲುಗಣಿಯ ಕಾರ್ಮಿಕನೋ ತೊಗರಿ ಹೊಲದ ಕೂಲಿಯೋ ಕೈ ಜೋಮು ಹಿಡಿಯುತ್ತಿದೆ, ಅಂಗಾಲಿಗೆ ನೆಲವೇ ತಿಳಿಯುತ್ತಿಲ್ಲ ಎಂದು ತಾಲೂಕು ಆಸ್ಪತ್ರೆಗೆ ಬಂದರೆ, ಮುಂದಿನ ದಾರಿ ಸುಮಾರು 85 ಕಿ.ಮೀ. ದೂರದ ಕಲಬುರಗಿಯದು. ಕೆಲವರು ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗುವುದೂ ಉಂಟು. ಬೆಂಗಳೂರಿನ ನಿಮ್ಹಾನ್ಸ್ ಇರುವುದು 600 ಕಿ.ಮೀ.ಗೂ ಆಚೆ. ಅಲ್ಲಿ ಆಗುವ ಪರೀಕ್ಷೆಯನ್ನು ಆಸ್ಪತ್ರೆಗಳಲ್ಲಿ ಎಲ್ಲರೂ ಎನ್‌ಸಿವಿ ಎಂದೇ ಕರೆಯುತ್ತಾರೆ. ಚರ್ಮದ ಮೇಲೆ ಒಂದೆಡೆ ಸಣ್ಣ ವಿದ್ಯುತ್ ಆಘಾತ ಕೊಟ್ಟು, ಅದೇ ನರದ ಇನ್ನೊಂದು ತುದಿಯಲ್ಲಿ ಅಥವಾ ಅದು ಸೇರುವ ಸ್ನಾಯುವಿನಲ್ಲಿ ಸಂಕೇತ ಯಾವಾಗ ತಲುಪಿತು, ಎಷ್ಟು ಬಲವಾಗಿ ತಲುಪಿತು ಎಂದು ಅಳೆಯುತ್ತಾರೆ. ದೂರವನ್ನು ಕಾಲದಿಂದ ಭಾಗಿಸಿದರೆ ವೇಗ ಸಿಗುತ್ತದೆ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1850ರಲ್ಲಿ ಕಪ್ಪೆಯ ನರದ ಮೇಲೆ ಮಾಡಿದ ಲೆಕ್ಕವೇ ಇದು. ಮನುಷ್ಯರ ನರಗಳಲ್ಲಿ ಅದು ವೈದ್ಯರ ಸಾಧನವಾದದ್ದು 1940ರ ದಶಕದ ಕೊನೆಯಿಂದೀಚೆಗೆ.

ಮುಂಗೈಯ ಮೀಡಿಯನ್ ನರದ ವೇಗ ಸೆಕೆಂಡಿಗೆ 50 ಮೀಟರ್ ಆಸುಪಾಸಿಗಿಂತ ಕಡಿಮೆಯಾದರೆ ನಿಧಾನವೆಂದು ಪರಿಗಣಿಸುವುದು ರೂಢಿ. ಈ 50 ಎಲ್ಲಿಂದ ಬಂತು? ಆರೋಗ್ಯವಂತರ ಒಂದು ಗುಂಪನ್ನು ಅಳೆದು, ಅವರಲ್ಲಿ ತೀರಾ ಕೆಳಗಿನ ಶೇ. 2.5 ಅಥವಾ 3ರಷ್ಟು ಜನರನ್ನು ಬಿಟ್ಟು ಗೆರೆ ಎಳೆಯುತ್ತಾರೆ. ಆದ್ದರಿಂದ ಗೆರೆಯ ಮೌಲ್ಯ ಆ ಗುಂಪಿನ ಮೌಲ್ಯವೇ ಹೊರತು ಪ್ರಕೃತಿಯ ನಿಯಮವೇನಲ್ಲ. ಇಂಥ ಗೆರೆಗಳ ಗುಣಮಟ್ಟ ಎಂಥದೆಂದು ಅಮೆರಿಕದ ನರಸ್ನಾಯು ವೈದ್ಯರ ಸಂಘವು ನೇಮಿಸಿದ ಕಾರ್ಯಪಡೆಯೊಂದು ಪರಿಶೀಲಿಸಿ 2016ರಲ್ಲಿ ವರದಿ ಪ್ರಕಟಿಸಿತು. 1990ರಿಂದ 2012ರವರೆಗಿನ 7,500ಕ್ಕೂ ಹೆಚ್ಚು ಲೇಖನಗಳನ್ನು ಜಾಲಾಡಿದ ಆ ಕಾರ್ಯಪಡೆ, ಸಾಮಾನ್ಯವಾಗಿ ಪರೀಕ್ಷಿಸುವ 11 ನರ ಪರೀಕ್ಷೆಗಳ ಪೈಕಿ 10ಕ್ಕೆ ತಲಾ ಒಂದೇ ಒಂದು ಅಧ್ಯಯನ ಮಾತ್ರ ತನ್ನ ಎಲ್ಲ ಮಾನದಂಡಗಳಿಗೂ ಹೊಂದುತ್ತದೆ ಎಂದಿತು. ಕನಿಷ್ಠ ನೂರು ಜನ, ಉಷ್ಣಾಂಶದ ನಿಯಂತ್ರಣ, ಎಲ್ಲ ವಯಸ್ಸಿನವರ ಪ್ರಾತಿನಿಧ್ಯ, ಸರಿಯಾದ ಸಂಖ್ಯಾಶಾಸ್ತ್ರ: ಕೇಳಿದ್ದು ಇಷ್ಟೇ. ಆಯ್ಕೆಯಾದವುಗಳಲ್ಲಿ ಹೆಚ್ಚಿನವು ಇಂಡಿಯಾನಾ ರಾಜ್ಯದ ವೈದ್ಯ ರಾಲ್ಫ್ ಬುಶ್‌ಬಾಖರ್ ಅವರು 1990ರ ದಶಕದ ಕೊನೆಯಲ್ಲಿ ಅಲ್ಲಿನ ಜನರ ಮೇಲೆ ನಡೆಸಿದ ಅಳತೆಗಳು. ಅಂದರೆ, ಅಂತರರಾಷ್ಟ್ರೀಯ ಎಂದು ಕರೆಯುವ ಪಟ್ಟಿಯ ಬಹುಭಾಗ ಅಮೆರಿಕದ ಒಂದು ರಾಜ್ಯದ ಒಂದು ಪ್ರಯೋಗಾಲಯದ್ದು.

ಭಾರತದಲ್ಲಿ ಕೆಲಸ ನಡೆದೇ ಇಲ್ಲವೆಂದಲ್ಲ. ಸೇವಾಗ್ರಾಮದ ಮಹಾತ್ಮ ಗಾಂಧಿ ವೈದ್ಯಕೀಯ ಸಂಸ್ಥೆಯವರು ಮಧ್ಯ ಭಾರತದ ಜನರ ಕೈ ನರಗಳ ಅಳತೆಗಳನ್ನು 2011ರಲ್ಲಿ ಪ್ರಕಟಿಸಿದರು. 2013ರಲ್ಲಿ ಪಂಜಾಬಿನ ಮಾಳ್ವ ಪ್ರದೇಶದ ಪಟ್ಟಿ ಬಂತು. ಲಖನೌದ ಮಿಶ್ರಾ ಮತ್ತು ಕಲಿತಾ ಅವರ ಪಠ್ಯಪುಸ್ತಕ ದೇಶದ ಬಹುತೇಕ ಪ್ರಯೋಗಾಲಯಗಳ ಕಪಾಟಿನಲ್ಲಿದೆ. ವಿದರ್ಭದ್ದೋ ಲಖನೌದ್ದೋ ಅಂಕಿಯನ್ನು ಕಲಬುರಗಿಗೆ ಅನ್ವಯಿಸುವುದು ಇಂಡಿಯಾನಾದ್ದನ್ನು ಅನ್ವಯಿಸುವುದಕ್ಕಿಂತ ವಾಸಿ ಎಂಬುದು ಮೇಲ್ನೋಟದ ಅನಿಸಿಕೆ. ಅದು ಪೂರ್ತಿ ನಿಜವಲ್ಲ. ನರಗಳ ವೇಗವನ್ನು ಏರಿಳಿಸುವ ಸಂಗತಿಗಳಲ್ಲಿ ಜನಾಂಗಕ್ಕಿಂತ ಮೊದಲು ಬರುವುದು ಕೈಯ ಬಿಸುಪು.

ಚರ್ಮದ ಉಷ್ಣಾಂಶ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ನರದ ವೇಗ ಸೆಕೆಂಡಿಗೆ ಸುಮಾರು 2 ಮೀಟರ್ ಏರುತ್ತದೆ. ಆದ್ದರಿಂದಲೇ ಒಳ್ಳೆಯ ಅಧ್ಯಯನಗಳು ಕೈಯನ್ನು ಕನಿಷ್ಠ 32 ಡಿಗ್ರಿಯಲ್ಲಿಟ್ಟು ಅಳೆಯುತ್ತವೆ. ಹೊರಗೆ 42 ಡಿಗ್ರಿ ಬಿಸಿಲಿರುವ ಮೇ ತಿಂಗಳಲ್ಲಿ ಚಿಂಚೋಳಿಯಿಂದ ಬಸ್ಸಿನಲ್ಲಿ ಬಂದಿಳಿದವನ ಕೈ 35 ಡಿಗ್ರಿ ಇರುವುದು ಸಹಜ. ಅವನ ನರದ ವೇಗ 32 ಡಿಗ್ರಿಯಲ್ಲಿ 46 ಮೀಟರ್ ಇದ್ದರೆ, ಅಂದರೆ ರೋಗದ ಸಾಲಿನಲ್ಲಿದ್ದರೆ, ಯಂತ್ರ 52 ಎಂದು ತೋರಿಸುತ್ತದೆ. ವರದಿ ‘ಸಹಜ’ ಎಂದು ಹೊರಬರುತ್ತದೆ. ಅದೇ ವ್ಯಕ್ತಿ ಹವಾನಿಯಂತ್ರಿತ ಕೋಣೆಯ ಹೊರಾಂಡದಲ್ಲಿ ತನ್ನ ಸರದಿಗಾಗಿ ಬಹಳ ಹೊತ್ತು ಕಾದು, ಅಥವಾ ಡಿಸೆಂಬರಿನ ಬೆಳಗಿನಲ್ಲಿ ಬಂದು, ಕೈ 28 ಡಿಗ್ರಿಗೆ ಇಳಿದಿದ್ದರೆ ಆರೋಗ್ಯವಂತ ನರವೂ ರೋಗಿಯಂತೆ ಕಾಣುತ್ತದೆ. ಪಶ್ಚಿಮದ ಚಳಿ ದೇಶಗಳ ಪಠ್ಯಗಳು ಎಚ್ಚರಿಸುವುದು ತಣ್ಣನೆಯ ಕೈಯ ಬಗ್ಗೆ, ಅಂದರೆ ಇಲ್ಲದ ರೋಗವನ್ನು ಕಾಣುವ ತಪ್ಪಿನ ಬಗ್ಗೆ. ಬಿಸಿಲನಾಡಿನಲ್ಲಿ ಹೆಚ್ಚು ಕಾಡಬೇಕಾದದ್ದು ಇರುವ ರೋಗ ಕಾಣದೇ ಹೋಗುವ ತಪ್ಪು. ಇದಕ್ಕೆ ದೊಡ್ಡ ಸಂಶೋಧನೆಯೇನೂ ಬೇಡ. ಒಂದು ಥರ್ಮಾಮೀಟರ್ ಮತ್ತು ವರದಿಯಲ್ಲಿ ಒಂದು ಸಾಲು ಸಾಕು.

ಎತ್ತರ, ವಯಸ್ಸು, ತೂಕಗಳ ಮಾತು ಬೇರೆ. ಎತ್ತರದವರ ಕಾಲಿನ ನರಗಳು ಸಹಜವಾಗಿಯೇ ನಿಧಾನ. ಎತ್ತರದ ಜನರಿಂದ ಪಡೆದ ಕೆಳಗೆರೆಯನ್ನು ಕುಳ್ಳಗಿನವರಿಗೆ ಹಚ್ಚಿದರೆ ಅದು ಅಗತ್ಯಕ್ಕಿಂತ ಉದಾರವಾಗುತ್ತದೆ. ಇಲ್ಲಿಯೂ ತಪ್ಪಿಹೋಗುವುದು ರೋಗವೇ. ಅರವತ್ತು ದಾಟಿದವರಲ್ಲಿ ಹಿಂಗಾಲಿನ ಸೂರಲ್ ನರದ ಸಂಕೇತ ಸಿಗದೇ ಇದ್ದರೂ ಅದು ವಯಸ್ಸಿನ ಲಕ್ಷಣವಿರಬಹುದು. ಮೈ ದಪ್ಪಗಿದ್ದಷ್ಟೂ ಚರ್ಮದ ಮೇಲಿಂದ ಸಿಗುವ ಸಂಕೇತದ ಬಲ ಕುಗ್ಗುತ್ತದೆ. ಒಳ್ಳೆಯ ಪಟ್ಟಿಗಳು ಇವನ್ನೆಲ್ಲ ವಿಂಗಡಿಸಿಯೇ ಕೊಡುತ್ತವೆ. ಆದರೆ ಆ ಪಟ್ಟಿ ಪ್ರಯೋಗಾಲಯದ ಗೋಡೆಗೆ ಅಂಟಿಸುವ ಒಂದು ಹಾಳೆಯಾಗಿ ಇಳಿಯುವಷ್ಟರಲ್ಲಿ ವಿಂಗಡಣೆ ಮಾಯವಾಗಿ ನರಕ್ಕೊಂದು ಅಂಕಿ ಉಳಿಯುವುದು ಅಪರೂಪವಲ್ಲ.

ಲೆಕ್ಕದ ಇನ್ನೊಂದು ತೊಡಕನ್ನೂ ಇಲ್ಲಿ ಹೇಳಬೇಕು. ಒಂದು ಅಳತೆಯಲ್ಲಿ ಆರೋಗ್ಯವಂತರ ಪೈಕಿ ಶೇ. 2.5ರಷ್ಟು ಜನ ಗೆರೆಯ ಕೆಳಗೆ ಬೀಳುತ್ತಾರೆ ಎಂದಿಟ್ಟುಕೊಂಡರೆ, ಒಂದಕ್ಕೊಂದು ಸಂಬಂಧವಿಲ್ಲದ ಹತ್ತು ಅಳತೆ ಮಾಡಿದಾಗ ಪೂರ್ಣ ಆರೋಗ್ಯವಂತನೊಬ್ಬ ಒಂದರಲ್ಲಾದರೂ ‘ರೋಗಿ’ಯಾಗುವ ಸಾಧ್ಯತೆ ಶೇ. 22. ಅನುಭವಿ ವೈದ್ಯರು ಒಂಟಿ ಅಂಕಿಯನ್ನು ನಂಬದೆ, ಕೈಯನ್ನು ಮುಟ್ಟಿ ನೋಡಿ, ಎಡಬಲಗಳನ್ನು ಹೋಲಿಸಿ ತೀರ್ಮಾನಿಸುವುದು ಇದಕ್ಕಾಗಿಯೇ. ಗಿಯಾನ್ ಬಾರೆಯಂಥ ತೀವ್ರ ಕಾಯಿಲೆಯಲ್ಲಿ ಯಾವ ಪಟ್ಟಿಯಿದ್ದರೂ ನಿರ್ಣಯ ಬಹುಪಾಲು ಒಂದೇ. ಪಟ್ಟಿ ಬೇಕಾಗುವುದು ಗಡಿಯಲ್ಲಿರುವವರಿಗೆ: ಮಧುಮೇಹ ಹಿಡಿದು ಹೆಚ್ಚು ವರ್ಷವಾಗದವರು, ಬಿ12 ಕೊರತೆಯವರು, ಕುಷ್ಠರೋಗದ ಮೊದಲ ಹಂತದವರು, ಕಂಪಿಸುವ ಯಂತ್ರ ಹಿಡಿದು ದುಡಿಯುವವರು.

ಚಿಂಚೋಳಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್‌ಗಳ ವಿಷಯದಲ್ಲಿ ಈ ಕೊನೆಯ ಎರಡು ಗುಂಪುಗಳ ಬಗ್ಗೆ ನಿಂತು ಯೋಚಿಸಬೇಕಾಗುತ್ತದೆ.

ಇದು ಸುಣ್ಣಕಲ್ಲಿನ ನಾಡು. ಶಹಾಬಾದ್ ಕಲ್ಲು, ಅಂದರೆ ಮನೆಮನೆಯ ನೆಲಕ್ಕೆ ಹಾಸುವ ಫರಸಿ, ಇಲ್ಲಿಂದಲೇ ಹೋಗುತ್ತದೆ. ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೂ ಅದೇ ಪದರದ ಮೇಲೆ. ಕಂಪಿಸುವ ಸುತ್ತಿಗೆ ಮತ್ತು ಡ್ರಿಲ್ ಕೈಯ ರಕ್ತನಾಳಗಳನ್ನೂ ನರಗಳನ್ನೂ ಕೆಡಿಸುತ್ತವೆ ಎಂಬುದನ್ನು ಜಗತ್ತಿಗೆ ಸ್ಪಷ್ಟವಾಗಿ ತೋರಿಸಿಕೊಟ್ಟ ಮೊದಲ ಅಧ್ಯಯನಗಳಲ್ಲಿ ಒಂದು ಅಲೀಸ್ ಹ್ಯಾಮಿಲ್ಟನ್ ಎಂಬ ವೈದ್ಯೆಯದು. 1918ರಲ್ಲಿ ಅವರು ಪರೀಕ್ಷಿಸಿದ್ದು ಸುಣ್ಣಕಲ್ಲು ಕಡಿಯುವವರನ್ನೇ. ಸ್ಥಳ ಬೆಡ್‌ಫರ್ಡ್, ರಾಜ್ಯ ಇಂಡಿಯಾನಾ. ನರಗಳ ‘ಸಹಜ’ ಅಂಕಿಗಳನ್ನು ಕೊಟ್ಟ ರಾಜ್ಯವೇ ಕಲ್ಲುಕುಟಿಗರ ಸತ್ತ ಬೆರಳುಗಳನ್ನೂ ದಾಖಲಿಸಿತ್ತೆಂಬುದು ಕಾಕತಾಳೀಯವಿರಬಹುದು. ಆದರೆ ಒಂದು ವ್ಯತ್ಯಾಸ ಇದೆ. ಅಲ್ಲಿ ಚಳಿಗೆ ಬೆರಳು ಬೆಳ್ಳಗಾಗಿ ಕಾಯಿಲೆ ಕಣ್ಣಿಗೇ ಕಾಣುತ್ತಿತ್ತು. ಬಿಸಿ ಹವೆಯಲ್ಲಿ ಬೆರಳು ಬೆಳ್ಳಗಾಗುವುದು ಕಡಿಮೆ. ಉಳಿಯುವುದು ಜೋಮು ಮತ್ತು ಹಿಡಿತದ ಸಡಿಲಿಕೆ ಮಾತ್ರ. ಹಾಗಾಗಿ ಇಲ್ಲಿನ ಕಾರ್ಮಿಕನ ದೂರಿಗೆ ಸಾಕ್ಷಿ ನುಡಿಯಬಲ್ಲದ್ದು ನರ ಪರೀಕ್ಷೆಯೇ, ಅದರ ಗೆರೆ ಸರಿಯಾಗಿದ್ದರೆ.

ಕುಷ್ಠರೋಗದ ವಿಷಯದಲ್ಲಿ ಸಾಕ್ಷ್ಯ ಇನ್ನೂ ಬಲವಾಗಿದೆ. ಕುಷ್ಠ ಮೂಲತಃ ನರದ ಕಾಯಿಲೆ. ಮೊಣಕೈ ಬಳಿಯ ಅಲ್ನರ್, ಮಂಡಿಯ ಪಕ್ಕದ ಪೆರೋನಿಯಲ್ ನರಗಳನ್ನು ಅದು ಮೊದಲೇ ಹಿಡಿಯುತ್ತದೆ. ಉತ್ತರ ಪ್ರದೇಶದ ನೈನಿ ಮತ್ತು ಫೈಜಾಬಾದ್ ಕೇಂದ್ರಗಳಲ್ಲಿ ಹೊಸದಾಗಿ ಪತ್ತೆಯಾದ 303 ರೋಗಿಗಳ ಗುಂಪನ್ನು ಅನುಸರಿಸಿದ ಇನ್‌ಫಿರ್ ಅಧ್ಯಯನ, ಅವರಲ್ಲಿ ಆರಂಭದಲ್ಲಿ ನರದ ತೊಂದರೆ ಕಾಣದ 188 ಜನರನ್ನು ಎರಡು ವರ್ಷ ಗಮನಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿತು. ಸ್ಪರ್ಶಜ್ಞಾನ ಕುಗ್ಗಿದೆ, ಸ್ನಾಯು ಸೋತಿದೆ ಎಂದು ಮಾಮೂಲಿ ತಪಾಸಣೆಯಲ್ಲಿ ಗೊತ್ತಾಗುವುದಕ್ಕೆ 12 ವಾರ ಅಥವಾ ಅದಕ್ಕೂ ಮುಂಚೆಯೇ ಸಂವೇದನಾ ನರಗಳ ವಿದ್ಯುತ್ ಸಂಕೇತ ಅನೇಕರಲ್ಲಿ ಕುಸಿದಿತ್ತು. ಹನ್ನೆರಡು ವಾರ ಮೊದಲು ಗೊತ್ತಾಗುವುದೆಂದರೆ ಔಷಧದಿಂದ ಕೈ ಉಳಿಯುವುದಕ್ಕೂ ಬೆರಳು ಮಡಚಿಕೊಳ್ಳುವುದಕ್ಕೂ ಇರುವ ಅಂತರ. ‘ಕುಸಿದಿದೆ’ ಎನ್ನಲು ಆರೋಗ್ಯವಂತರ ಅಳತೆಯೊಂದು ಎದುರಿಗಿರಲೇಬೇಕು.

ಹಾಗಾದರೆ ಚಿಂಚೋಳಿಯ ಜನರನ್ನೇ ಅಳೆದು ಚಿಂಚೋಳಿಗೊಂದು ಪಟ್ಟಿ ಮಾಡಿಬಿಟ್ಟರೆ ಆಯಿತಲ್ಲವೇ? ಸ್ಥಳೀಯ ಅಳತೆ ಬೇಕು ಎನ್ನುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತಾರೆ. ನಿಜವಾದ ಅಪಾಯ ಇಲ್ಲಿಂದ ಆರಂಭವಾಗುತ್ತದೆ.

ಸ್ಥಳೀಯ ಆರೋಗ್ಯವಂತ ಎಂದರೆ ಯಾರು? ವೈದ್ಯಕೀಯ ಕಾಲೇಜಿನಲ್ಲಿ ಸುಲಭವಾಗಿ ಸಿಗುವವರು ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿಗಳು. ಅವರಿಂದ ಬಂದ ಗೆರೆ ಐವತ್ತೈದರ ಕೂಲಿಗಾರ್ತಿಗೆ ಹೊಂದದು. ಅದನ್ನು ಬಿಟ್ಟು ಹಳ್ಳಿಗೂ ತಾಂಡಾಕ್ಕೂ ಹೋಗಿ, ತನಗೇನೂ ಕಾಯಿಲೆಯಿಲ್ಲ ಎಂದವರನ್ನೆಲ್ಲ ಅಳೆದರೆ ಅವರಲ್ಲಿ ಸಕ್ಕರೆ ಕಾಯಿಲೆ ಇದ್ದೂ ಗೊತ್ತಿಲ್ಲದವರು, ಹತ್ತು ವರ್ಷ ಡ್ರಿಲ್ ಹಿಡಿದವರು, ಕೀಟನಾಶಕ ಸಿಂಪಡಿಸಿದವರು, ದಿನವಿಡೀ ಕುಕ್ಕರಗಾಲಿನಲ್ಲಿ ಕುಳಿತು ಕಳೆ ತೆಗೆದು ಮಂಡಿಯ ಪಕ್ಕದ ನರ ಅದುಮಿಸಿಕೊಂಡವರು ಸೇರಿಬಿಡುತ್ತಾರೆ. ಜೋಮನ್ನು ಕಾಯಿಲೆ ಎಂದು ಎಣಿಸದೆ ದುಡಿಮೆಯ ಭಾಗವೆಂದೇ ಒಪ್ಪಿಕೊಂಡವರ ಮಾತಿನಲ್ಲಿ ‘ಆರೋಗ್ಯ’ ಎಂಬ ಪದದ ಅರ್ಥವೇ ಬೇರೆ. ಅವರ ಅಂಕಿಗಳೆಲ್ಲ ಸೇರಿ ಕೆಳಗೆರೆ 50ರಿಂದ 45ಕ್ಕೆ ಇಳಿದರೆ, 46 ಮೀಟರ್ ವೇಗದ ಕಲ್ಲುಗಣಿ ಕಾರ್ಮಿಕ ಮಾರನೆಯ ದಿನದಿಂದ ಆರೋಗ್ಯವಂತ. ಕಾಗದದ ಮೇಲೆ ಗುಣವಾಗುವುದು ಎಂದರೆ ಇದೇ. ರೋಗಿಗಳ ಹಳೆಯ ದಾಖಲೆಗಳಿಂದಲೇ ಗಣಿತದ ಮೂಲಕ ಸಹಜ ಅಂಕಿಗಳನ್ನು ಹೆಕ್ಕುವ ಹೊಸ ವಿಧಾನವೊಂದು 2015ರಿಂದ ಚಾಲ್ತಿಗೆ ಬಂದಿದೆ. ಖರ್ಚಿಲ್ಲದ, ಜಾಣತನದ ವಿಧಾನ. ನರ ಸವೆದವರೇ ಬಹುಸಂಖ್ಯೆಯಲ್ಲಿ ಬರುವ ಆಸ್ಪತ್ರೆಯಲ್ಲಿ ಅದು ಸವೆತವನ್ನೇ ಸಹಜವೆಂದು ಹೆಕ್ಕಿಕೊಡಬಹುದು.

ಗೆರೆ ಸರಿದರೆ ಏನಾಗುತ್ತದೆಂಬುದಕ್ಕೆ ದೇಶದಲ್ಲೇ ನಿದರ್ಶನ ಇದೆ. ಭಾರತದ ಆರೋಗ್ಯವಂತ ಮಕ್ಕಳ ಹಿಮೋಗ್ಲೋಬಿನ್ ಅಳತೆಗಳನ್ನು ಆಧರಿಸಿ ಹೊಸ ಗೆರೆ ಎಳೆದರೆ 1ರಿಂದ 19 ವರ್ಷದವರಲ್ಲಿ ರಕ್ತಹೀನತೆ ಶೇ. 30ರಿಂದ ಶೇ. 10.8ಕ್ಕೆ ಇಳಿಯುತ್ತದೆ ಎಂದು 2021ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಲೇಖನವೊಂದು ಬಂತು. ಆ ವಾದಕ್ಕೆ ಬಲವಾದ ಆಧಾರಗಳಿದ್ದವು. ಸ್ಪಷ್ಟ ಕೊರತೆಯಿರುವ ಮಕ್ಕಳನ್ನು ರಕ್ತ ಪರೀಕ್ಷೆಯಿಂದ ಗುರುತಿಸಿ ಹೊರಗಿಟ್ಟೇ ಅಳೆಯಲಾಗಿತ್ತು. ಹಾಗಿದ್ದೂ ಅದರ ಬಗ್ಗೆ ಚರ್ಚೆ ಮುಗಿದಿಲ್ಲ. ಅಮೆರಿಕದ ಫುಟ್‌ಬಾಲ್ ಲೀಗಿನ ಪ್ರಕರಣ ಇದಕ್ಕಿಂತ ಕಟುವಾದದ್ದು. ತಲೆಗೆ ಪೆಟ್ಟು ಬಿದ್ದು ಮಿದುಳು ಹಾಳಾದ ನಿವೃತ್ತ ಆಟಗಾರರಿಗೆ ಪರಿಹಾರ ನೀಡುವಾಗ ಕಪ್ಪು ಆಟಗಾರರಿಗೆ ಬೇರೆಯೇ, ಕೆಳಮಟ್ಟದ ‘ಸಹಜ’ ಅಂಕಿ ಬಳಸಲಾಗುತ್ತಿತ್ತು. ಮೊದಲೇ ಸಾಮರ್ಥ್ಯ ಕಡಿಮೆ ಎಂದು ಭಾವಿಸಿದ ಮೇಲೆ ನಷ್ಟ ತೋರಿಸುವುದು ಕಷ್ಟ, ಪರಿಹಾರ ಪಡೆಯುವುದು ಇನ್ನೂ ಕಷ್ಟ. ವಿವಾದವೆದ್ದ ಮೇಲೆ 2021ರಲ್ಲಿ ಆ ಪದ್ಧತಿಯನ್ನು ಕೈಬಿಡಲು ಲೀಗ್ ಒಪ್ಪಬೇಕಾಯಿತು. ಸಮುದಾಯಕ್ಕೆ ತಕ್ಕ ಅಳತೆ ಎಂಬ ಒಳ್ಳೆಯ ಮಾತು ಎಲ್ಲಿಗೆ ಮುಟ್ಟಬಹುದೆಂಬುದು ಅಲ್ಲಿ ಕಂಡಿತು.

ಚಿಂಚೋಳಿಗೆ ಈ ವಾದವನ್ನು ತಿಳಿಯಲು ಅಮೆರಿಕದವರೆಗೆ ಹೋಗಬೇಕಾಗಿಲ್ಲ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ 35 ಸೂಚಕಗಳನ್ನು ಹಿಡಿದು ರಾಜ್ಯದ ತಾಲೂಕುಗಳನ್ನು ಅಳೆದಾಗ ರಾಜ್ಯದ ಸರಾಸರಿಯನ್ನು 1 ಎಂದು ಇಟ್ಟುಕೊಂಡಿತು. 114 ತಾಲೂಕುಗಳು ಅದರ ಕೆಳಗೆ ಬಂದವು. ಅವುಗಳಲ್ಲಿ 39 ಅತಿ ಹಿಂದುಳಿದವು. ಆ 39ರಲ್ಲಿ 21 ಗುಲ್ಬರ್ಗಾ ವಿಭಾಗದವು, ಚಿಂಚೋಳಿಯೂ ಆ ಸಾಲಿನಲ್ಲಿತ್ತು. ಸಮಿತಿ ಪ್ರತಿ ವಿಭಾಗಕ್ಕೂ ಆಯಾ ವಿಭಾಗದ ಸರಾಸರಿಯನ್ನೇ ಅಳತೆಗೋಲು ಮಾಡಿದ್ದರೆ ಚಿಂಚೋಳಿಯಂಥ ತಾಲೂಕುಗಳ ಹಿಂದುಳಿಯುವಿಕೆಯ ಬಹುಭಾಗ ಲೆಕ್ಕದಲ್ಲೇ ಕರಗಿಹೋಗುತ್ತಿತ್ತು. 371 (ಜೆ)ಗಾಗಿ ನಡೆದ ಹೋರಾಟಕ್ಕೆ ಹಿಡಿಯಲು ಅಂಕಿಯೇ ಸಿಗುತ್ತಿರಲಿಲ್ಲ. ರಸ್ತೆ, ಶಾಲೆ, ನೀರಾವರಿಯ ವಿಷಯದಲ್ಲಿ ‘ನಮ್ಮನ್ನು ನಮ್ಮೊಂದಿಗೇ ಹೋಲಿಸಬೇಡಿ’ ಎಂದ ಪ್ರದೇಶ, ನರದ ವಿಷಯದಲ್ಲಿ ‘ನಮಗೆ ನಮ್ಮದೇ ಅಳತೆ ಕೊಡಿ’ ಎಂದು ಕೇಳುವಾಗ ಎರಡನ್ನೂ ಬಿಡಿಸಿ ನೋಡಬೇಕಾಗುತ್ತದೆ.

ಬಿಡಿಸುವ ಸೂತ್ರ ತತ್ತ್ವದಲ್ಲಿ ಸರಳ. ಎತ್ತರ, ವಯಸ್ಸು, ಉಷ್ಣಾಂಶ, ಅಳೆಯುವ ವಿಧಾನ: ಇವು ಗಾಯವಲ್ಲ, ಇವಕ್ಕೆ ತಕ್ಕಂತೆ ಗೆರೆ ಸರಿಯಬೇಕು. ದುಡಿಮೆ, ಕೊರತೆ, ವಿಷ, ಸೋಂಕು: ಇವು ಗಾಯ, ಇವಕ್ಕಾಗಿ ಗೆರೆ ಕದಲಬಾರದು. ಆಚರಣೆಯಲ್ಲಿ ಎಲ್ಲವೂ ಇಷ್ಟು ಶುಚಿಯಾಗಿಲ್ಲ. ಎತ್ತರವೂ ಅಂಶತಃ ಬಾಲ್ಯದ ಹಸಿವಿನ ಫಲವೇ ಅಲ್ಲವೇ ಎಂದು ಯಾರಾದರೂ ಕೇಳಿದರೆ ಅದಕ್ಕೆ ಪೂರ್ಣ ಉತ್ತರ ಕೊಡುವುದು ಕಷ್ಟ. ಆದರೂ ಕುಳ್ಳಗಿನವರ ಕಾಲಿನ ನರ ವೇಗವಾಗಿರುವುದು ದೇಹರಚನೆಯ ಸಂಗತಿ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅವರ ಕಾಯಿಲೆ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆಯೇ ಹೊರತು ಮರೆಯಾಗುವುದಿಲ್ಲ.

ಕೆಲಸದ ಗಾತ್ರವನ್ನು ಅಂದಾಜು ಮಾಡಬಹುದು. ಪ್ರಯೋಗಾಲಯಗಳ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಒಂದೊಂದು ಗುಂಪಿಗೆ ಕನಿಷ್ಠ 120 ಜನರನ್ನು ಕೇಳುತ್ತವೆ. ಹೆಣ್ಣು, ಗಂಡು, ನಾಲ್ಕು ವಯೋಮಾನ ಎಂದರೆ 8 ಗುಂಪು, 960 ಜನ. ಎತ್ತರವನ್ನೂ ಎರಡಾಗಿ ಸೀಳಿದರೆ 1,920. ಆಧುನಿಕ ಸಂಖ್ಯಾಶಾಸ್ತ್ರದ ನೆರವಿನಿಂದ ಇದನ್ನು ಸಾಕಷ್ಟು ತಗ್ಗಿಸಬಹುದು. ಪ್ರತಿಯೊಬ್ಬರಿಗೂ ಸಕ್ಕರೆ, ಬಿ12, ಥೈರಾಯ್ಡ್ ಪರೀಕ್ಷೆ, ಕುಷ್ಠದ ತಪಾಸಣೆ, ದುಡಿಮೆಯ ಪೂರ್ಣ ಇತಿಹಾಸ ಬೇಕು. ದೋಷ ಕಂಡವರನ್ನೂ ಕಂಪಿಸುವ ಯಂತ್ರ ಹಿಡಿದವರನ್ನೂ ಪಟ್ಟಿಯಿಂದ ಹೊರಗಿಟ್ಟು, ಆದರೆ ಅಳೆಯದೇ ಬಿಡದೆ, ಪ್ರತ್ಯೇಕ ಗುಂಪಾಗಿ ದಾಖಲಿಸಬೇಕು. ಈ ಎರಡನೆಯ ಗುಂಪೇ ಮುಂದೆ ಕಾರ್ಮಿಕನಿಗೆ ಸಾಕ್ಷಿಯಾಗುವುದು.

ಇದಕ್ಕೆ ಬೇಕಾದ ಸಂಸ್ಥೆಗಳು ಕಲಬುರಗಿಯಲ್ಲೇ ಇವೆ: 1963ರಲ್ಲಿ ಆರಂಭವಾದ ಮಹಾದೇವಪ್ಪ ರಾಂಪೂರೆ ವೈದ್ಯಕೀಯ ಕಾಲೇಜು, ಸರ್ಕಾರಿ ಜಿಮ್ಸ್, ಕಾರ್ಮಿಕರ ವಿಮಾ ನಿಗಮದ ಇಎಸ್‌ಐಸಿ ಕಾಲೇಜು. ಕೊನೆಯದಕ್ಕಂತೂ ಇದು ತನ್ನದೇ ವಿಮಾದಾರರ ಪ್ರಶ್ನೆ. ಹಣದ ಮಾತಿಗೆ ಬಂದರೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2024-25ರ ಬಜೆಟ್ಟಿನಲ್ಲಿ ಘೋಷಿಸಿದ ಮೊತ್ತ 5,000 ಕೋಟಿ ರೂ. ಇಂಥ ಅಧ್ಯಯನದ ವೆಚ್ಚ ಅದರ ಮುಂದೆ ಲೆಕ್ಕಕ್ಕೇ ಬಾರದಷ್ಟು. ಆದರೆ ಅಡಿಗಲ್ಲು ಹಾಕಲಾಗದ ಕೆಲಸಕ್ಕೆ ಅನುದಾನ ಕೇಳುವ ಜನಪ್ರತಿನಿಧಿ ಅಪರೂಪ.

ಕಾಲಾವಕಾಶವೂ ಹೆಚ್ಚಿಲ್ಲ. ಕುಷ್ಠದ ಹರಡುವಿಕೆಯನ್ನು 2027ರೊಳಗೆ ತಡೆಯುವುದು ಕೇಂದ್ರ ಸರ್ಕಾರ 2023ರಲ್ಲಿ ಪ್ರಕಟಿಸಿದ ಯೋಜನೆಯ ಗುರಿ. ಅದರಂತೆ ರೋಗಿಗಳ ಮನೆಯವರನ್ನೂ ನೆರೆಯವರನ್ನೂ ಹುಡುಕಿ ತಪಾಸಣೆ ಮಾಡಬೇಕಿದೆ. ಆ ತಂಡದ ಜೊತೆ ಒಂದು ಎನ್‌ಸಿವಿ ಯಂತ್ರ, ಒಬ್ಬ ತಂತ್ರಜ್ಞ, ಒಂದು ಥರ್ಮಾಮೀಟರ್ ಚಿಂಚೋಳಿಯ ತಾಂಡಾಗಳಿಗೂ ಶಹಾಬಾದಿನ ಕಲ್ಲುಗಣಿಗಳಿಗೂ ಹೋಗಬಹುದು. ಕೈ ಒಡ್ಡುವ ಪ್ರತಿಯೊಬ್ಬರನ್ನೂ ಎಷ್ಟು ವರ್ಷ, ಯಾವ ಕೆಲಸ ಎಂದು ಮೊದಲು ಕೇಳಿ ಬರೆದುಕೊಂಡು, ಆಮೇಲೆ ಯಂತ್ರದ ಗುಂಡಿ ಒತ್ತಬೇಕು.